ಅವರು ಕೇಳದ ನೀರು

ಬಸೂ, ನೀಲಾ,

ಹೋದ ಸಲ ನೀವು ಊರಿಗೆ ಬಂದಾಗ ನಮ್ಮ ದಾಯಾದಿಯ ಮೊಮ್ಮಗ ನಿಮ್ಮಿಬ್ಬರನ್ನೂ ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೊಳೆಯ ತನಕ ಹೋಗಿಬಂದ. ಊಟಕ್ಕೆ ಕೂತವರೇ ನೀವು, “ಆಯೀ, ಹೊಳೀಗೆ ಇಳಿಯೋ ನಮ್ಮ ದಾರಿ ಸುಮ್ಮನ ಬಿದ್ದದಲ್ಲ, ಅವರಿಗೆ ಕೊಟ್ಟರ ಏನಾಗ್ತದ?” ಎಂದು ಕೇಳಿದಿರಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ. ನನಗೆ ಎದುರೆದುರಿಗೆ ಮಾತು ಬರುವುದಿಲ್ಲ, ಅದು ನಿಮಗೂ ಗೊತ್ತು. ಬರೆಯಲು ಕೂತರೆ ಬರುತ್ತದೆ. ಸರಸಂಬಾದ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತನಕ ಕಲಿತ ಅಕ್ಷರ ಇಷ್ಟಕ್ಕೆ ಸಾಕು.

ಆ ದಾರಿ ಕೊಡಬಾರದು. ಯಾಕೆ ಎನ್ನುವುದನ್ನು ಇಲ್ಲಿ ಬರೆಯುತ್ತೇನೆ. ಇದರಲ್ಲಿ ಸಿಟ್ಟು ಇದೆ. ವಯಸ್ಸಾದ ಮೇಲೆ ಸಿಟ್ಟು ಬಿಡಬೇಕು ಎಂದು ಮಠದಲ್ಲಿ ಹೇಳುತ್ತಾರೆ. ನಾನು ಕೇಳಿಸಿಕೊಂಡಿದ್ದೇನೆ, ಬಿಟ್ಟಿಲ್ಲ.

ನನ್ನ ತವರು ಆಳಂದದ ಕಡೆ. ನಮ್ಮ ಮನೆಯ ಬಾವಿಯ ನೀರು ಸವಳು. ಆ ನೀರಲ್ಲಿ ತೊಗರಿಬೇಳೆ ಹಾಕಿ ಅರ್ಧ ಹಗಲು ಉರಿ ಹಾಕಿದರೂ ಕಾಳು ಕಾಳಾಗಿಯೇ ನಿಲ್ಲುತ್ತಿತ್ತು. ಅದಕ್ಕೇ ನಮ್ಮವ್ವ ಬೇಳೆಗೆಂದು ಬೇರೆ ಒಂದು ಕೊಡ ಸಿಹಿನೀರನ್ನು ಊರಾಚೆಯಿಂದ ಹೊತ್ತು ತರುತ್ತಿದ್ದಳು. ಮದುವೆಯಾಗಿ ಅಫಜಲಪುರ ತಾಲೂಕಿನ ಈ ಊರಿಗೆ ಬಂದ ಮೊದಲ ದಿನ ನಾನು ತವರಿನ ಅಂದಾಜಿನಲ್ಲೇ ಬೇಳೆಗೆ ಉರಿ ಹಾಕಿದೆ. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದರೆ ಒಳಗೆ ಬೇಳೆ ಎಂಬುದೇ ಇಲ್ಲ, ಎಲ್ಲ ಕರಗಿ ಗಂಜಿಯಾಗಿತ್ತು. ನಮ್ಮ ಅತ್ತೆ ನಕ್ಕಳು.

“ಬ್ಯಾಳಿ ಕುದಿಸೀಯೋ, ಅಂಬಲಿ ಕಾಸೀಯೋ? ಇದು ವರತಿ ನೀರು ಬೇ. ಬೆಂಕಿ ಮಾರಿ ತೋರಿಸಿದ್ರ ಸಾಕು, ಬ್ಯಾಳಿ ತಾನ ಒಡೀತದ.”

ಒರತೆ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಭೀಮೆ ಆಚೆ ದಂಡೆಗೆ ಸರಿದು ಸಣ್ಣಗೆ ಹರಿಯುತ್ತಿದ್ದಳು. ಈಚೆಗೆ ಕಣ್ಣು ಹಾಯುವಷ್ಟೂ ಮರಳು. ಆ ಮರಳನ್ನು ಕೈಯಿಂದ ತೋಡಿದರೆ ನೀರು ಜಿನುಗುತ್ತದೆ. ಮೊದಲ ಕದಡು ನೀರನ್ನು ಚೆಲ್ಲಿ, ತಿಳಿಯಾಗುವ ತನಕ ಕಾದು, ತೆಂಗಿನ ಚಿಪ್ಪಿನಿಂದ ಮೊಗೆದು ಕೊಡ ತುಂಬಬೇಕು. ಒಂದೊಂದು ಮನೆಗೆ ಒಂದೊಂದು ಒರತೆ. ತೋಡಿದ ಹೆಂಗಸೇ ಅದರ ಒಡತಿ. ಬೇರೆಯವರೂ ತುಂಬಿಕೊಳ್ಳಬಹುದು, ಆದರೆ ಕೇಳಿ ತುಂಬಬೇಕು. “ತುಂಬ್ಕೊಳ್ಳಲೇನ ಬೇ?” ಎನ್ನುವುದು, “ತುಂಬ್ಕೋ ತಾಯಿ” ಎನ್ನುವುದು, ಅಷ್ಟೇ. ನೀರಿಗೆ ಇಲ್ಲ ಎಂದವರು ಊರಲ್ಲಿ ಒಬ್ಬರೂ ಇರಲಿಲ್ಲ. ಕೇಳದೆ ತುಂಬಿದವರೂ ಇರಲಿಲ್ಲ. ಮದುವೆಯ ಅಡುಗೆಗಾದರೆ ಆ ಮನೆಯ ಹಿರಿಯ ಹೆಂಗಸು ಎಲೆ ಅಡಿಕೆ ಹಿಡಿದು ಬಂದು ಕೇಳಬೇಕು. ಅದು ಒರತೆಯ ಒಡತಿಗೆ ಕೊಡುವ ಮಾನ.

ಮರಳು ತೆಗೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಿಮ್ಮ ಅಜ್ಜ ಎತ್ತಿನ ಗಾಡಿಯಲ್ಲಿ ಮರಳು ಹೊಡೆದೇ ಈ ಮನೆ ಕಟ್ಟಿದರು. ಊರ ಶಾಲೆಗೂ ಅದೇ ಮರಳು ಹೋಗಿದೆ. ಆದರೆ ಅದಕ್ಕೊಂದು ರೀತಿ ಇತ್ತು. ಆ ವರ್ಷದ ಹೊಳೆ ತಂದು ಹಾಕಿದ ಹೊಸ ಮರಳನ್ನು ಮಾತ್ರ, ಅದೂ ಮೇಲಿನ ತಿರುವಿನಲ್ಲಿ ತೆಗೆಯಬೇಕು. ಒರತೆಗಳ ಬಳಿ ಸಲಿಕೆ ಹಾಕುವಂತಿಲ್ಲ. ಹಕ್ಕಿಗಳು ಮರಳಲ್ಲಿ ಮೊಟ್ಟೆ ಇಟ್ಟ ಕಾಲಕ್ಕೆ ಗಾಡಿ ಇಳಿಸುವಂತಿಲ್ಲ. ಆಮೆ ಮೊಟ್ಟೆ ಇಟ್ಟ ಜಾಗಕ್ಕೆ ಅಂಬಿಗರ ಮಕ್ಕಳು ಜಾಲಿ ಟೊಂಗೆ ನೆಟ್ಟು ಗುರುತು ಮಾಡುತ್ತಿದ್ದರು, ಗಾಡಿಗಳು ಅದನ್ನು ಸುತ್ತಿ ಹೋಗುತ್ತಿದ್ದವು. ದಂಡೆಯ ಅಂಚಿಗೆ ಕಲ್ಲಂಗಡಿ, ಸೌತೆ ಬಳ್ಳಿ. ಇದನ್ನೆಲ್ಲ ಯಾರೂ ಕಾಗದದ ಮೇಲೆ ಬರೆದಿರಲಿಲ್ಲ.

ನಮ್ಮ ದಾಯಾದಿ ಎಂದರೆ ನಿಮ್ಮ ಅಜ್ಜನ ದೊಡ್ಡಪ್ಪನ ಮಗ. ವಯಸ್ಸಿನಲ್ಲಿ ಅಜ್ಜನಿಗಿಂತ ದೊಡ್ಡವರು, ನನಗೆ ಭಾವ. ನೀವು ಹುಟ್ಟುವುದಕ್ಕೆ ಎಷ್ಟೋ ಮೊದಲು, ಎಂಬತ್ತರ ದಶಕದಲ್ಲಿ, ಅವರು ಮರಳಿನ ಗುತ್ತಿಗೆ ಹಿಡಿದರು. ಕಲಬುರಗಿಯಲ್ಲಿ, ಸೊಲ್ಲಾಪುರದಲ್ಲಿ ಮನೆಗಳು ಏಳುತ್ತಿದ್ದ ಕಾಲ. ಪಕ್ಕದ ಊರಿನ ಇಳಿಜಾರಿನಿಂದ ಲಾರಿ ಇಳಿಸಿ ನಮ್ಮ ಊರಿನ ಮೇಲಿನ ತಿರುವನ್ನು ಮೊದಲು ಬರಿದು ಮಾಡಿದರು. ಊರ ಗಂಡಸರಿಗೆ ಕೂಲಿ ಸಿಕ್ಕಿತು. ಎಲ್ಲರೂ ಅವರಿಗೆ ಕೈ ಮುಗಿದರು. ತಿರುವು ಮುಗಿದ ಮೇಲೆ ನಮ್ಮೂರಿನ ಮುಂದಿನ ಮರಳು ಬೇಕಾಯಿತು. ಅಲ್ಲಿ ದಂಡೆ ಕರಿಮಣ್ಣಿನ ಗೋಡೆಯ ಹಾಗೆ ಕಡಿದಾಗಿದೆ. ಗಾಡಿ ಇಳಿಯುವ ದಾರಿ ಒಂದೇ, ನಮ್ಮ ಹೊಲದ ಒಳಗೆ ಹಾದು ಹೋಗುವ ದಾರಿ. ನಿಮ್ಮ ಅಜ್ಜ ಇರುವ ತನಕ ಅವರು ಕೇಳುತ್ತಿದ್ದರು, ಅಜ್ಜ ಇಲ್ಲ ಎನ್ನುತ್ತಿದ್ದರು.

“ಅಣ್ಣಾ, ಎತ್ತಿನ ಗಾಡಿ ಇಳಿಲಿ. ಲಾರಿಗೆ ನನ್ನ ಹೊಲದಾಗ ಹಾದಿ ಇಲ್ಲ.”

ಒಂದು ಮಳೆಗಾಲ ಜ್ವರ ಬಂದು ಅಜ್ಜ ತೀರಿಕೊಂಡರು. ನಿಮ್ಮ ಅವ್ವ ಆಗ ಸಣ್ಣ ಹುಡುಗಿ. ಆಮೇಲೆ ಭಾವನವರು ಊರ ಹಿರಿಯರನ್ನು ಕರೆದುಕೊಂಡು ನಮ್ಮ ಮನೆಯ ಕಟ್ಟೆಗೆ ಬಂದು ಕೂತರು. ಈಗಿನವರಿಗೆ ಇದು ತಿಳಿಯುವುದು ಕಷ್ಟ. ನಮ್ಮ ಕಾಲದಲ್ಲಿ ಹೆಂಗಸು ಭಾವನ ಎದುರು ನಿಲ್ಲುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಹಿಂದೆ ನಿಂತು, ಹೇಳುವುದನ್ನು ಮಗುವಿನ ಕೈಯಲ್ಲಿ ಹೇಳಿ ಕಳಿಸಬೇಕು. ಆವತ್ತು ನಿಮ್ಮ ಅವ್ವ ಶಾಲೆಗೆ ಹೋಗಿದ್ದಳು. ಅದನ್ನು ನೋಡಿಯೇ ಅವರು ಆ ಹೊತ್ತಿಗೆ ಬಂದಿದ್ದರು.

ಬಾಗಿಲ ಕಡೆ ಮುಖ ಮಾಡಿ ಕೇಳಿದರು.

“ಏನವಾ, ನಮ್ಮ ಲಾರಿ ನಿಮ್ಮ ಹಾದಿಲೆ ಇಳೀತಾವ. ನಿಂದೇನರ ತಕರಾರ ಅದ ಏನು?”

ತಕರಾರು ನನ್ನ ಬಾಯಲ್ಲೇ ಇತ್ತು. ಬಾಗಿಲ ಹಲಗೆಯನ್ನು ಹಿಡಿದುಕೊಂಡು ನಿಂತೆ. ಗಂಟಲಿಂದ ಏನೂ ಹೊರಡಲಿಲ್ಲ. ಅವರು ಹಿರಿಯರ ಕಡೆ ತಿರುಗಿದರು.

“ಸುಮ್ಮನದಾಳ ಅಂದ್ರ ಒಪ್ಪಿದಂಗಾತು. ನೀವೆಲ್ಲಾ ಸಾಕ್ಷಿ.”

“ಹೌದ್ರಿ, ಒಪ್ಪಿದಂಗಾತು,” ಎಂದರು ಹಿರಿಯರು. ಒಬ್ಬರಾದರೂ ಬೇರೆ ಮಾತು ಆಡಲಿಲ್ಲ.

ಮರುದಿನ ತೆನೆ ಬಿಟ್ಟ ಜೋಳದ ಮೇಲೆ ಲಾರಿಗಳು ಹಾದುಹೋದವು.

ಎರಡು ಬೇಸಿಗೆಗಳಲ್ಲಿ ಹೊಳೆ ಹೊಳೆಯ ಹಾಗಿರಲಿಲ್ಲ. ಮರಳು ಹೋದಲ್ಲೆಲ್ಲ ಆಳದ ಗುಂಡಿಗಳು, ಅವುಗಳಲ್ಲಿ ಪಾಚಿಗಟ್ಟಿದ ಹಸಿರು ನೀರು, ಮೇಲೆ ಡೀಸೆಲ್ಲಿನ ಬಣ್ಣಬಣ್ಣದ ಪದರ. ಮೀನುಗಳು ಗುಂಡಿಯಲ್ಲಿ ಸಿಕ್ಕಿ, ಬಿಸಿಲಿಗೆ ಬೆಳ್ಳಗೆ ತೇಲಿ ನಾರುತ್ತಿದ್ದವು. ಮೊಟ್ಟೆ ಇಡಲು ಬಂದ ಹಕ್ಕಿಗಳು ಲಾರಿಗಳ ಮೇಲೆ ಕಿರುಚುತ್ತ ಸುತ್ತಿ ಸುತ್ತಿ, ಒಂದು ವರ್ಷ ಬರುವುದನ್ನೇ ಬಿಟ್ಟವು. ಒರತೆಗಳು ಒಂದೊಂದಾಗಿ ಹೋದವು. ಹೆಂಗಸರು ತೋಡಿದರೆ ಕೆಳಗೆ ಕರಿ ಜೇಡಿ, ಜೇಡಿಯ ಕೆಳಗೆ ಬಂಡೆ. ಮರಳೇ ಇಲ್ಲದ ಮೇಲೆ ನೀರನ್ನು ಹಿಡಿದಿಡುವವರು ಯಾರು? ದಂಡೆಯ ಬಾವಿಗಳ ನೀರೂ ಕೆಳಗಿಳಿಯಿತು.

ಉಳಿದದ್ದು ಒಂದೇ ಒರತೆ, ನನ್ನದು. ಅದೂ ಅವರ ದಯೆಯಿಂದಲ್ಲ. ಇಳಿಜಾರಿನ ಬುಡದಲ್ಲಿ ಲಾರಿಗಳು ತಿರುಗಲು ಜಾಗ ಬೇಕಿತ್ತು, ಅದಕ್ಕೆ ಅಲ್ಲಿಯ ಮರಳಿನ ಪಟ್ಟಿಯೊಂದನ್ನು ಎತ್ತದೆ ಬಿಟ್ಟಿದ್ದರು. ಊರ ಹೆಂಗಸರೆಲ್ಲ ಅಲ್ಲಿಗೇ ಬರತೊಡಗಿದರು. ನನ್ನನ್ನು ಕೇಳುತ್ತಿದ್ದರು, ತುಂಬಿಕೊಂಡು ಹೋಗುತ್ತಿದ್ದರು. ಆ ಪಟ್ಟಿಯ ಮೇಲೂ ಭಾವನವರ ಕಣ್ಣಿತ್ತು. ಮಗಳ ಮದುವೆ ಮುಗಿಸಿ ಅದನ್ನೂ ಎತ್ತಿಬಿಡುತ್ತೇನೆ, ಆಮೇಲೆ ಈ ಊರಲ್ಲಿ ನನಗೆ ಕೆಲಸವಿಲ್ಲ ಎಂದು ಹೋಟೆಲಿನಲ್ಲಿ ಕೂತು ಹೇಳಿದ್ದರು. ಪಕ್ಕದ ಮನೆಯ ಅಕ್ಕ ಅದನ್ನು ಕೇಳಿಸಿಕೊಂಡು ಬಂದಳು. ಅವಳದು ಬಾಯಿ ಜೋರು. ನನಗೆ ಬಾರದ ಮಾತೆಲ್ಲ ಅವಳಿಗೆ ಬರುತ್ತಿತ್ತು.

“ಮಗಳ ಅಕ್ಕಿಕಾಳ ಬಿದ್ದ ಮರುದಿವಸ ನಿನ್ನ ವರತಿ ಬಾಯಾಗ ಮಣ್ಣ ಬೀಳ್ತದ. ಈಗರ ಬಾಯಿ ತೆಗಿ ಬೇ,” ಎಂದಳು. ನಾನು ಬಾಯಿ ತೆಗೆಯಲಿಲ್ಲ. ಆದರೆ ರಾತ್ರಿ ಹಗಲು ಆ ಮನುಷ್ಯನ ಕೇಡನ್ನೇ ನೆನೆಯುತ್ತಿದ್ದೆ. ಲಾರಿ ಮಗುಚಲಿ ಎಂದು ನೆನೆದೆ, ಹೊಳೆ ಬಂದು ಕೊಚ್ಚಿಕೊಂಡು ಹೋಗಲಿ ಎಂದು ನೆನೆದೆ. ಲಿಂಗಪೂಜೆಗೆ ಕೂತಾಗಲೂ ಅದೇ ಬರುತ್ತಿತ್ತು.

ಬೀಗತನ ಕೂಡಿದ್ದು ಜೇವರ್ಗಿ ತಾಲೂಕಿನ ಒಂದು ಮನೆಗೆ, ಅದೂ ಭೀಮೆಯ ದಂಡೆಯ ಊರು. ಬೀಗರ ಹೊಲದ ಮುಂದೆ ದೊಡ್ಡ ಮರಳಿದೆ, ಮದುವೆಯಾದರೆ ಅದೂ ಕೈಗೆ ಬರುತ್ತದೆ ಎಂದು ಜನ ಆಡಿಕೊಂಡರು. ಊರವರೆಲ್ಲ ಮದುವೆಗೆ ಗೋಧಿ ಹುಗ್ಗಿ ಮಾಡಿದರೆ ಭಾವನವರು ಹೋಳಿಗೆ ಎಂದರು. ಆಳಂದದಿಂದ ಒಳ್ಳೆಯ ಕಡಲೆಬೇಳೆ, ತೊಗರಿಬೇಳೆ ಚೀಲಗಟ್ಟಲೆ ತರಿಸಿದರು.

ನೀರಿನ ಚಿಂತೆ ಅವರಿಗಿರಲಿಲ್ಲ. ಮನೆಯ ಹಿಂದೆ ಕೊಳವೆ ಬಾವಿ ಕೊರೆಸಿದ್ದರು. ನೀರು ಸವಳು, ಆದರೆ ಅವರ ಮನೆಯಲ್ಲಿ ಸೀಟಿ ಹೊಡೆಯುವ ಕುಕ್ಕರ್ ಬಂದಿತ್ತು. ಕುಕ್ಕರಿನಲ್ಲಿ ಸವಳು ನೀರಿನ ಬೇಳೆಯೂ ಹೇಗೋ ಬೇಯುತ್ತದೆ. ಆ ಮನೆಯವರು ವರ್ಷವಿಡೀ ಹಾಗೆ ಉಂಡು, ಬೇಳೆಗೆ ಸಿಹಿನೀರು ಬೇಕೆಂಬುದನ್ನೇ ಮರೆತುಬಿಟ್ಟಿದ್ದರು. ಸಾವಿರ ಜನದ ಅಡುಗೆಯನ್ನು ಕುಕ್ಕರಿನಲ್ಲಿ ಮಾಡಲಾಗುವುದಿಲ್ಲ, ಹಂಡೆಯಲ್ಲೇ ಮಾಡಬೇಕು.

ನೆನಪಾದದ್ದು ಭಾವನವರ ಹೆಂಡತಿಗೆ. ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾನು ಬೇವಿನ ನೆರಳಲ್ಲಿ ಕೌದಿ ಹೊಲಿಯುತ್ತಿದ್ದೆ. ಪಕ್ಕದ ಅಕ್ಕ ಎದುರಿಗೆ ಕೂತಿದ್ದಳು. ಆ ಹೆಂಗಸು ಎಲೆ ಅಡಿಕೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಅಂಗಳದ ಆಚೆಯೇ ನಿಂತಳು. ನನ್ನನ್ನು ನೋಡಲಿಲ್ಲ. ಮದುವೆಯ ಮನೆಯವರು ಗಂಡ ಸತ್ತವಳ ಮುಂದೆ ಎಲೆ ಅಡಿಕೆ ಹಿಡಿಯಬಾರದು, ಅಪಶಕುನ. ಹೀಗೆ ಮಾಡಿರೆಂದು ಬಸವಣ್ಣ ಎಲ್ಲಿಯೂ ಹೇಳಿಲ್ಲ. ನಾವು ದಿನಾ ಅವನ ಹೆಸರು ಹೇಳಿ ಹೀಗೇ ಮಾಡುತ್ತೇವೆ.

ಅವಳು ಅಕ್ಕನ ಕಡೆ ನೋಡುತ್ತ, “ನಾಳಿ ಅಡಗಿಗೆ ವರತಿ ನೀರು ಬೇಕಾಗಿತ್ತು,” ಎಂದಳು.

“ಬೇಕಾದ್ರ ಕೇಳ್ರಿ,” ಎಂದಳು ಅಕ್ಕ.

“ಅದಕ್ಕ ಬಂದೇನಿ.”

“ನನ್ನ ವರತಿ ನಿಮ್ಮ ಲಾರ್‍ಯಾಗ ಸೊಲ್ಲಾಪುರಕ್ಕ ಹೋತ್ರಿ. ನಂದೇನದ ಕೊಡಾಕ? ವರತಿ ಯಾರದೋ ಅವರನ್ನ ಕೇಳ್ರಿ. ಇಲ್ಲೇ ಕುಂತಾರಲ್ಲ, ಕೌದಿ ಹೊಲಿಲಿಕ್ಹತ್ಯಾರ.”

ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ. ಅವಳು ಒಂದು ಸಲ ಕೇಳಿದ್ದರೆ ನಾನು ಕೊಡಲೇಬೇಕಿತ್ತು, ನೀರಿಗೆ ಇಲ್ಲ ಎನ್ನಲು ನನ್ನಿಂದಾಗದು. ಕೇಳದಿರಲಿ, ಕೇಳದಿರಲಿ ಎಂದು ಒಳಗೊಳಗೇ ಶಿವನಿಗೆ ಮೊರೆಯಿಡುತ್ತಿದ್ದೆ. ಅವಳು ಸೆರಗಿನ ಕೆಳಗಿನ ಎಲೆ ಅಡಿಕೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಕೊನೆಗೆ, “ಬೋರಿನ ನೀರೇ ಸಾಕಾಗ್ತದ ಬಿಡ್ರಿ,” ಎಂದು ತಿರುಗಿ ಹೋದಳು.

ಅಕ್ಕ ನನ್ನ ಮುಖ ನೋಡಿದಳು. “ನಗತೀಯಲ್ಲ ಬೇ,” ಎಂದಳು. ನಾನು ನಗುತ್ತಿದ್ದೆನೋ ಏನೋ.

ಮರುದಿನ ಹಂಡೆಗಳ ಕೆಳಗೆ ಬೆಳಗಿನಿಂದ ಉರಿ. ಒಲೆಯ ಕೆಲಸಕ್ಕೆ ಹೋದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುದ್ದಿ ಹೇಳಿ ಹೋಗುತ್ತಿದ್ದರು. ಕಡಲೆಬೇಳೆ ಹಾಕಿದ ಹಾಗೇ ಇದೆ. ತೊಗರಿಬೇಳೆ ಮೇಲೆ ಕೆಳಗೆ ಕುಣಿಯುತ್ತಿದೆ, ಒಡೆಯುತ್ತಿಲ್ಲ. ಕಟ್ಟಿಗೆ ಒಂದು ಗಾಡಿ ಮುಗಿದು ಇನ್ನೊಂದು ಬಂತು. ಭಾವನವರು ಅಡುಗೆಯವನನ್ನು ಬೈದರು. ಅಡುಗೆಯವನು ಹೊಳೆಯ ಗುಂಡಿಯ ನೀರನ್ನು ತರಿಸಿ ಮೂಸಿ ಚೆಲ್ಲಿದ. ಆಮೇಲೆ ಮುಷ್ಟಿ ಮುಷ್ಟಿ ಸೋಡಾ ಸುರಿದ. ಬೇಳೆ ಹೊರಗೆ ಲೋಳೆಯಾಯಿತು, ಒಳಗೆ ಕಲ್ಲೇ. ಅದನ್ನು ರುಬ್ಬುವ ಹೆಂಗಸರ ರಟ್ಟೆ ಬಿದ್ದವು. ಹೂರಣ ಕೆಂಪಗೆ ತಿರುಗಿ ಸಾಬೂನಿನ ವಾಸನೆ ಹೊಡೆಯಿತಂತೆ. ಒಂದೊಂದು ಸುದ್ದಿಯೂ ನನಗೆ ಸಕ್ಕರೆ ತಿಂದ ಹಾಗಿತ್ತು. ಸುಳ್ಳು ಯಾಕೆ ಬರೆಯಲಿ?

ಊಟಕ್ಕೆ ಕೂತ ಬೀಗರ ಕಡೆಯವರು ಹೋಳಿಗೆಯನ್ನು ಮುರಿದು ನೋಡಿ ಎಲೆಯ ಅಂಚಿಗೆ ಸರಿಸಿದರು. ಹುಡುಗನ ಅಜ್ಜಿ ಮಾತ್ರ ಒಂದು ತುತ್ತು ಅಗಿದು, ಉಗುಳಿ, ಗಟ್ಟಿಯಾಗಿ ಕೇಳಿದಳು.

“ಹೊಳೀ ದಂಡಿ ಊರು ಅಂತ ಹೆಣ್ಣು ತಂದ್ವಿ. ಬ್ಯಾಳಿ ಬೇಯೋ ನೀರಿಲ್ಲೇನ್ರಿ ನಿಮ್ಮಲ್ಲಿ?”

ಭಾವನವರಿಗೆ ಬೇರೆ ದಾರಿ ತೋಚಲಿಲ್ಲ. “ನೀರದ ಆಯೀ. ನಮ್ಮ ದಾಯಾದಿ ಹೆಣ್ಣೊಂದದ, ಹೊಟ್ಟಿಕಿಚ್ಚಿಗೆ ತಡದು ಕುಂತದ,” ಎಂದರು.

“ಮದವಿ ಮನಿಗೆ ನೀರು ತಡಿಯೋ ಹೆಣ್ಣು ಹ್ಯಾಂಗದ, ನೋಡೇ ಬಿಡೋಣ,” ಎಂದು ಮುದುಕಿ ಎದ್ದೇಬಿಟ್ಟಳು. ಹಿಂದೆ ಭಾವನವರು, ನಮ್ಮ ಕಟ್ಟೆಯ ಮೇಲೆ ಕೂತು ಸಾಕ್ಷಿ ಹೇಳಿದ್ದ ಅದೇ ಹಿರಿಯರು, ಅರ್ಧ ಊರು. ನಾನು ಇಳಿಜಾರಿನ ಕೆಳಗೆ ಒರತೆಯ ಬಳಿ ಕೊಡ ತುಂಬುತ್ತಿದ್ದೆ.

ಮುದುಕಿ ನನ್ನ ಮುಖವನ್ನೂ ಕುಂಕುಮವಿಲ್ಲದ ಹಣೆಯನ್ನೂ ನೋಡಿ, ಏನೂ ಲೆಕ್ಕಿಸದೆ ಕೈ ಚಾಚಿದಳು. “ಒಂದ ಚರಿಗಿ ನೀರು ಕೊಡವಾ ತಾಯಿ, ಬಾಯಿ ಕೆಟ್ಟದ.”

ಕೊಟ್ಟೆ. ಅವಳು ಪೂರ್ತಿ ಕುಡಿದಳು. ಆಮೇಲೆ, “ಇಂಥಾ ನೀರಿಟ್ಕೊಂಡು ಮದವಿ ಮನಿಗೆ ಯಾಕ ಕೊಡಲಿಲ್ಲ?” ಎಂದಳು.

ಉತ್ತರ ಹೇಳಲು ನಿಮ್ಮ ಅವ್ವ ನನ್ನ ಪಕ್ಕದಲ್ಲೇ ಇದ್ದಳು. ನಾನು ಅವಳ ಕಿವಿಗೆ ಬಾಗಲಿಲ್ಲ. ತಲೆಯ ಸೆರಗು ಜಾರಿತ್ತು, ಎಳೆದುಕೊಳ್ಳಲೂ ಇಲ್ಲ. ನೇರ ಭಾವನವರ ಮುಖ ನೋಡಿದೆ. ಮದುವೆಯಾಗಿ ಬಂದ ಮೇಲೆ ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ಭಾವನವರ, ಆವತ್ತ ನಮ್ಮ ಕಟ್ಟಿ ಮ್ಯಾಲ ನಾ ಸುಮ್ಮನಿದ್ದೆ, ನೀವು ಒಪ್ಪಿದಂಗಾತು ಅಂದ್ರಿ. ನಿನ್ನಿ ನಿಮ್ಮ ಮನಿಯವರು ಸುಮ್ಮನ ಹೋದ್ರು, ನಾನು ಬ್ಯಾಡಂದಂಗಾತು ಅಂದ್ಕೊಂಡೇನಿ. ಇವರೆಲ್ಲಾ ಸಾಕ್ಷಿ ಅದಾರಲ್ಲ.”

ಹಿರಿಯರು ನೆಲ ನೋಡಿದರು. ಮುದುಕಿ ಏನಾಯಿತೆಂದು ಕೇಳಿದಳು. ಪಕ್ಕದ ಅಕ್ಕ ಜೋಳದ ಮೇಲೆ ಲಾರಿ ಹಾದದ್ದರಿಂದ ಹಿಡಿದು ಎಲೆ ಅಡಿಕೆ ಸೆರಗಿನಲ್ಲೇ ವಾಪಸು ಹೋದ ತನಕ ಎಲ್ಲವನ್ನೂ ಹೇಳಿದಳು, ಸ್ವಲ್ಪ ಸೇರಿಸಿಯೂ ಹೇಳಿದಳು. ಮುದುಕಿ ದಂಡೆಯಗುಂಟ ಗುಂಡಿಗಳನ್ನು ನೋಡುತ್ತ ನಿಂತಳು. ನಾರುವ ನೀರನ್ನು ನೋಡಿ ಮೂಗಿಗೆ ಸೆರಗು ಹಿಡಿದಳು.

“ಬೀಗರ, ಹೆಣ್ಣು ನಮ್ಮದಾತು, ಆಕೀನ್ನ ಕಣ್ಣಾಗಿಟ್ಟು ನೋಡ್ಕೋತೇವಿ. ನಿಮ್ಮ ಲಾರಿ ಮಾತ್ರ ನಮ್ಮ ದಂಡಿಗೆ ಬಂದ್ರ ನಾ ಗಾಲಿ ಮುಂದ ಮಲಗ್ತೇನಿ. ನನಗೂ ಬ್ಯಾಳಿ ಉಣ್ಣೋ ಮಕ್ಕಳದಾರ,” ಎಂದಳು.

ಬೀಗರ ದಂಡೆಯ ಮರಳು ಹೀಗೆ ಭಾವನವರ ಕೈ ತಪ್ಪಿತು. ಅಷ್ಟಕ್ಕೇ ನಾನು ಬಿಡಲಿಲ್ಲ. ಮರುದಿನ ಬೆಳಗ್ಗೆ ಅಕ್ಕ, ನಾನು, ಒರತೆ ಕಳೆದುಕೊಂಡ ಹೆಂಗಸರು ಎಲ್ಲ ಸೇರಿ ಇಳಿಜಾರಿನ ಬಾಯಿಗೆ ಜಾಲಿ ಮುಳ್ಳು ಒಟ್ಟಿದೆವು. ಗಂಡಸರು ಮೊದಲು ದೂರ ನಿಂತು ನೋಡಿದರು. ಅವರ ಮನೆಗಳಲ್ಲೂ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದರು. ಹಿಂದಿನ ದಿನ ಬೀಗರು ಹೋಳಿಗೆಯನ್ನು ಎಲೆಯಂಚಿಗೆ ಸರಿಸಿದ್ದನ್ನು ಅವರೂ ನೋಡಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬರು ಗಾಡಿಯಲ್ಲಿ ಕಲ್ಲು ತಂದರು, ಮತ್ತೊಬ್ಬರು ತಂದರು. ಲಾರಿ ಬಂದಾಗ ಅಲ್ಲಿ ಎದೆಯೆತ್ತರದ ಗೋಡೆಯಿತ್ತು. ಭಾವನವರು ಹಿರಿಯರನ್ನು ಕರೆಸಿ, ಅವಳು ಒಪ್ಪಿದ್ದಳು, ನೀವೇ ಸಾಕ್ಷಿ ಎಂದರು. ಹಿರಿಯರಲ್ಲಿ ಒಬ್ಬರು, “ನಮಗ ಕೇಳಿಸಿದಂಗಿಲ್ರಿ,” ಎಂದರು. ಆಗಲೂ ಸುಳ್ಳು, ಈಗಲೂ ಸುಳ್ಳು. ಈಗಿನ ಸುಳ್ಳು ನನಗೆ ಬೇಕಾಗಿತ್ತು, ತೆಗೆದುಕೊಂಡೆ.

ತೊಂಬತ್ತರ ದಶಕದಲ್ಲಿ ಭಾವನವರಿಗೆ ಹೊಟ್ಟೆಯಲ್ಲಿ ಕಲ್ಲಾಯಿತು. ಬೋರಿನ ನೀರು ಮುಟ್ಟಬೇಡಿರೆಂದು ಡಾಕ್ಟರು ಹೇಳಿದರಂತೆ. ಹೆಂಡತಿ ಬಂದು ಕೇಳಿದಳು. ಕುಡಿಯುವವರೇ ಬಂದು ಕೇಳಲಿ ಎಂದೆ. ಕೋಲೂರಿಕೊಂಡು ಬಂದರು. ನಮ್ಮ ಕಟ್ಟೆಯ ಬಳಿ ನಿಂತು, “ಒಂದ ಕೊಡ ನೀರು ತುಂಬ್ಕೊಳ್ಳಲೇನವಾ?” ಎಂದರು. ತುಂಬ್ಕೊಳ್ರಿ ಎಂದೆ. ಅವರು ಬದುಕಿದ್ದಷ್ಟು ದಿನವೂ ಆ ಮನೆಯವರು ಕೇಳದೆ ಒಂದು ಚರಿಗೆ ತುಂಬಲು ನಾನು ಬಿಡಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅವರು ಸತ್ತಾಗ ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಕಣ್ಣಲ್ಲಿ ನೀರು ಬರಲಿಲ್ಲ.

ಆ ಪಟ್ಟಿಯ ಮರಳು ಈಗ ಬೆಳೆದಿದೆ. ಹೊಳೆ ವರ್ಷ ವರ್ಷ ಸ್ವಲ್ಪ ತಂದು ಹಾಕಿದೆ. ಮೇಲಿನ ಗುಂಡಿಗಳು ಇನ್ನೂ ತುಂಬಿಲ್ಲ. ಹಕ್ಕಿಗಳು ಕೆಲವು ಬರುತ್ತವೆ, ಆಮೆಯನ್ನು ನಾನು ಮತ್ತೆ ನೋಡಿಲ್ಲ. ಮೊಮ್ಮಗ ಬೇಕೆನ್ನುವುದು ಇದೇ ಪಟ್ಟಿಯನ್ನು. ಅವನು ಒಳ್ಳೆಯ ಹುಡುಗನಿರಬಹುದು, ನಿಮ್ಮ ಗೆಳೆಯನೂ ಇರಬಹುದು. ಅವನ ಜೊತೆ ತಿರುಗಿ, ಉಣ್ಣಿ. ನೀವು ಮನೆ ಕಟ್ಟಿದರೆ ಹೊಸ ಮರಳು ಬಂದ ವರ್ಷ ಗಾಡಿ ಇಳಿಸಿ, ತಿರುವಿನಿಂದ ತನ್ನಿ, ಅವನಿಗೆ ಬೇಕಾದರೆ ಅವನೂ ಹಾಗೇ ತರಲಿ. ಲಾರಿಗೆ ದಾರಿ ಕೊಡಬೇಡಿ. ಈಗ ನಳ ಬಂದಿದೆ, ಒರತೆ ಯಾರಿಗೆ ಬೇಕು ಎಂದು ಅವನು ಹೇಳುತ್ತಾನೆ. ನಳಕ್ಕೆ ನೀರು ಬರುವುದು ಈ ದಂಡೆಯ ಬಾವಿಯಿಂದ, ಬಾವಿಗೆ ಬರುವುದು ಆ ಮರಳಿನಿಂದ. ಇದನ್ನು ಅವನಿಗೆ ಹೇಳಿ. ಕೇಳದಿದ್ದರೆ, ನಮ್ಮ ಆಯಿ ಇನ್ನೂ ಸಿಟ್ಟು ಬಿಟ್ಟಿಲ್ಲ ಎಂದು ಹೇಳಿ.

ಮತ್ತೆ, ಅವನು ಕೇಳಿದಾಗ ನನ್ನ ಹಾಗೆ ಬಾಗಿಲ ಹಿಂದೆ ನಿಲ್ಲಬೇಡಿ. ನೀಲಾ, ಇದು ನಿನಗೆ. ಇಲ್ಲ ಎಂದು ಬಾಯಿಬಿಟ್ಟು ಹೇಳು.

ಈ ಹಾಳೆಗಳನ್ನು ನಿಮ್ಮ ಅವ್ವನ ತಗಡಿನ ಪೆಟ್ಟಿಗೆಯಲ್ಲಿ ಬೇವಿನ ಎಲೆ ಹಾಕಿ ಇಡಿ, ಗೆದ್ದಲು ಮುಟ್ಟದ ಹಾಗೆ ನೋಡಿಕೊಳ್ಳಿ. ನಾನು ಹೋದ ಮೇಲೆ ಅವರು ಬಂದು, ನಿಮ್ಮ ಆಯಿ ಆಗಲೇ ಒಪ್ಪಿದ್ದಳು ಎಂದು ಹೇಳುತ್ತಾರೆ. ಆಗ ತೆಗೆದು ಓದಲು ಇವು ನಿಮಗೆ ಬೇಕಾಗುತ್ತವೆ.